ಪ್ಲಂಟೋರಿಯಸ್ ಊಟ

ತರಗತಿಯಲ್ಲಿ ತನಗೆ ದನಿಯೇ ಏಳುವುದಿಲ್ಲ ಎಂಬ ಅಳುಕನ್ನು ಹೊಸ ಇಂಗ್ಲಿಷ್ ಟೀಚರು ಡೈರಿಗೆ ಬಿಟ್ಟು ಇನ್ನಾರಿಗೂ ಹೇಳಿರಲಿಲ್ಲ. ಗುಂಪು ಮಾಡಿ ಬಿಟ್ಟರೆ ಮಕ್ಕಳೇ ಮಾತಾಡಿಕೊಳ್ಳುತ್ತಾರೆಂದು ಅವಳೊಂದು ಆಟ ಹೂಡಿದಳು. ಒಂದು ಗುಂಪು ಬೋರ್ಡಿನ ಮೇಲೆ ಪದ ಬರೆದು, ಉತ್ತರವನ್ನು ಚೀಟಿಯಲ್ಲಿ ಬಚ್ಚಿಡಬೇಕು. ಅದು ನಿಘಂಟಿನದೋ, ಅವರೇ ಹುಟ್ಟಿಸಿದ್ದೋ ಎಂದು ಉಳಿದವರು ಹೇಳಬೇಕು. ಹುಟ್ಟಿಸಿದ ಪದವನ್ನು ನಂಬಿದವರು ಔಟ್.

ಒಂಬತ್ತನೇ ತರಗತಿ ಎದ್ದು ಕುಣಿಯಿತು. ಗದ್ದಲ ಕೇಳಿ ಹೆಡ್‌ಮಾಸ್ಟರು ಬಾಗಿಲಿಗೆ ಬಂದರು. ಅವಳ ಕೆಲಸ ಕಾಯಂ ಆಗಲು ಅವರದೇ ಸಹಿ ಬೇಕಿತ್ತು.

"ಏನ್ ಮೇಡಂ ಇದು, ಮೀನು ಮಾರ್ಕೆಟ್ಟಾ?"

ಅವಳು ಬಾಯಿ ತೆರೆದಳು. ದನಿ ಬರಲಿಲ್ಲ.

"ಪದ ಕಲೀತಿದೀವಿ ಸಾರ್," ಎಂದು ಪದ ಬರೆದ ಗುಂಪಿನ ತನುಶ್ರೀ ಬೋರ್ಡು ತೋರಿಸಿದಳು. "ಪ್ಲಂಟೋರಿಯಸ್ ಅಂದ್ರೆ ಗೊತ್ತಾ ಸಾರ್?"

"ಗೊತ್ತಾ ಅಂತೀಯಲ್ಲೇ! ನಮ್ ಕಾಲದಲ್ಲಿ ಬಾಯಿಪಾಠ ಮಾಡಿಸ್ತಿದ್ರು." ಹೆಡ್‌ಮಾಸ್ಟರು ಕನ್ನಡಕ ಏರಿಸಿಕೊಂಡರು. "ಸಮೃದ್ಧವಾದ ಅಂತ. ನಮ್ಮಜ್ಜಿ ಪ್ಲಂಟೋರಿಯಸ್ ಊಟ ಹಾಕೋರು. ಬರ್ಕೊಳ್ರೋ!"

ಮಕ್ಕಳೆಲ್ಲ ಪುಸ್ತಕದಲ್ಲಿ ಮುಖ ಹುದುಗಿಸಿದರು; ಬೆಂಚುಗಳು ಅಲುಗತೊಡಗಿದವು. ತನುಶ್ರೀ ಮೆಲ್ಲಗೆ ಬಂದು ಉತ್ತರದ ಚೀಟಿಯನ್ನು ಟೀಚರ ಕೈಗಿಟ್ಟಳು: 'ಬೆಳಿಗ್ಗೆ ಬಸ್ಸಲ್ಲಿ ನಾವೇ ಹುಟ್ಟಿಸಿದ್ದು ಮಿಸ್.'

"ಏನ್ ಮೇಡಂ, ಸರಿ ತಾನೆ ನಾನ್ ಹೇಳಿದ್ದು?"

ಹೊಟ್ಟೆಯಿಂದ ಉಕ್ಕಿದ ನಗು ಅವಳ ಗಂಟಲಿಗೆ ಬಂದು ನಿಂತಿತ್ತು. ನಲವತ್ತು ಜೊತೆ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

"ಸರ್," ಎಂದಳು ಅವಳು, ಇಡೀ ವರಾಂಡಕ್ಕೆ ಕೇಳುವಂತೆ, "ನೀವು ಔಟ್!"