ಕೆಂಪು ಗೆರೆ

ಬಳೆ ಅಂಗಡಿಗೆ ಗಿರಾಕಿಗಳ ಡೇಟಾಬೇಸ್ ಮಾಡಿಕೊಡಲು ಅವಳು ಬಂದಿದ್ದಳು. ಹಳೆಯ ಪುಸ್ತಕ ನೋಡಿ ಹೆಸರು, ಫೋನ್ ನಂಬರು, ಬಳೆಯ ಅಳತೆ ಕಂಪ್ಯೂಟರಿಗೆ ಏರಿಸುತ್ತಿದ್ದಳು.

"ಕೆಂಪು ಗೆರೆ ಎಳೆದ ಹೆಸರು ಹಾಕ್ಬೇಡಿ ಮೇಡಂ," ಎಂದ, ಅಂಗಡಿಯನ್ನು ಹೊಸದಾಗಿ ವಹಿಸಿಕೊಂಡಿದ್ದ ಮಾಲೀಕ. "ಅವರ ಗಂಡಂದಿರು ತೀರಿಹೋಗಿದ್ದಾರೆ. ಚೌತಿಗೆ ಬಳೆ ಹಾಕಿಸ್ಕೊಳ್ಳಿ ಅಂತ ಅವರಿಗೆ ಮೆಸೇಜ್ ಹೋಗ್ಬಾರ್ದು."

ನಲವತ್ತನೇ ಪುಟದಲ್ಲಿ, ಮದುವೆಯಾದ ವರ್ಷ ಇಲ್ಲಿ ಬಳೆ ತೊಡಿಸಿಕೊಂಡಾಗ ಬರೆಸಿದ್ದ ಅವಳದೇ ಹೆಸರಿತ್ತು. ಅದರ ಮೇಲೆ ಕೆಂಪು ಗೆರೆ. ಅವಳ ಗಂಡ ಮೀನಿನ ಬೋಟಿನಲ್ಲಿ ಕಡಲಿಗೆ ಹೋಗಿ ಎಂಟು ದಿನವಾಗಿತ್ತು. ನಾಳೆ ಬರಬೇಕಿತ್ತು.

"ಇದಕ್ಕೆ ಗೆರೆ ಎಳೆಯೋಕೆ ಯಾರು ಹೇಳಿದ್ದು?"

"ಬೆಳಿಗ್ಗೆ ಗಂಡಸರೊಬ್ಬರು ಬಂದು ಹೇಳಿ ಹೋದ್ರು. ಯಾರಂತ ಗೊತ್ತಿಲ್ಲ. ಈ ಬಿಸಿಲಲ್ಲೂ ಮೈಯೆಲ್ಲ ಒದ್ದೆ. ಅವರು ನಿಂತ ಜಾಗ ಎಷ್ಟು ಒರೆಸಿದ್ರೂ ಒಣಗ್ತಾ ಇಲ್ಲ, ನೋಡಿ."