ಹೊಸ್ತಿಲ ಮೇಲೆ ಪಿಂಗಾಣಿ ಚೂರು

ಕೋಪನ್‌ಹೇಗನ್ನಿಗೆ ಬಂದ ಮೇಲಿನ ಮೊದಲ ಹೊಸವರ್ಷ. ಬೆಳಿಗ್ಗೆ ವಾರಿಜಾ ಮೂರನೇ ಮಹಡಿಯ ತನ್ನ ಮನೆಯ ಬಾಗಿಲು ತೆರೆದರೆ, ಹೊಸ್ತಿಲ ತುಂಬ ಒಡೆದ ಪಿಂಗಾಣಿ ತಟ್ಟೆಗಳ ರಾಶಿ.

"ರೀ, ನಾವಿಲ್ಲಿರೋದು ಇವರಿಗೆ ಬೇಡವಾಗಿದೆ. ಮನೆಮನೆಗೂ ಚಕ್ಕುಲಿ ಹಂಚಿದ್ನಲ್ಲ, ಅದಕ್ಕೆ ಈ ಬಹುಮಾನ! ನಡೀರಿ, ಊರಿಗೆ ಹೋಗೋಣ," ಎಂದು ಗಂಡನೆದುರು ಅತ್ತೇಬಿಟ್ಟಳು.

ಅಷ್ಟರಲ್ಲಿ ಎದುರುಮನೆಯ ಅಜ್ಜಿ ಹೊರಬಂದು ರಾಶಿ ಕಂಡು ಕಣ್ಣರಳಿಸಿದರು.

"ಅಬ್ಬಾ, ಇಷ್ಟೊಂದಾ! ನಮ್ಮಲ್ಲಿ ಹೊಸವರ್ಷಕ್ಕೆ ಮೆಚ್ಚಿದವರ ಬಾಗಿಲಿಗೇ ತಟ್ಟೆ ಒಡೆಯೋದು ಕಣಮ್ಮಾ. ನನಗೆ ಈ ಸಲ ಒಂದೂ ಇಲ್ಲ ನೋಡು."

ವಾರಿಜಾ ಕಣ್ಣೊರೆಸಿಕೊಂಡು ಒಳಗೋಡಿದಳು. ತವರಿನಿಂದ ತಂದಿದ್ದ ಸ್ಟೀಲ್ ತಟ್ಟೆ ಹಿಡಿದು ಬಂದವಳೇ ಅಜ್ಜಿಯ ಬಾಗಿಲಿಗೆ ಬೀಸಿ ಒಗೆದಳು. ಅದು ಒಡೆಯಲಿಲ್ಲ, ಠಣ್ ಠಣಾರ್ ಎನ್ನುತ್ತ ಮೂರು ಮಹಡಿಯ ಮೆಟ್ಟಿಲಿಳಿದು ಇಡೀ ಕಟ್ಟಡವನ್ನೇ ಎಬ್ಬಿಸಿತು.