ಯಾವ ಗಾಡಿಗೆ ನಿಂಬೆಹಣ್ಣು?

ಸುಹಾಸಿನಿಯ ಕೋಟಿನ ಜೇಬಿನಲ್ಲಿ ನಾಲ್ಕು ನಿಂಬೆಹಣ್ಣುಗಳಿದ್ದವು. ಯಾವ ಪಿಕಪ್‌ನ ಚಕ್ರದಡಿ ಇಡಬೇಕೆಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ. ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನ ಶೋರೂಮಿನ ಅಂಗಳದಲ್ಲಿ ಎರಡೂ ಅಕ್ಕಪಕ್ಕ ನಿಂತಿದ್ದವು. ದೊಡ್ಡದು ಅವಳ ಟೀಮು ರೂಪಿಸಿದ್ದು, ನಡುಗಾತ್ರದ್ದು ಗಂಡ ಚಂದ್ರಮೌಳಿಯ ಟೀಮಿನದು. ಇಬ್ಬರೂ ದುಡಿಯುವ ಕಂಪನಿ ಒಂದೇ. ವಾಹನ ಕಂಪನಿಗಳೆಲ್ಲ ನಷ್ಟದಲ್ಲಿದ್ದ 2009ರ ಆ ಚಳಿಗಾಲದಲ್ಲಿ ಎರಡರಲ್ಲೊಂದು ಟೀಮಿಗೆ ಬೀಗ ಬೀಳುವುದು ಖಚಿತ. ಯಾವುದಕ್ಕೆ ಎಂಬುದಷ್ಟೇ ಯಾರಿಗೂ ಗೊತ್ತಿರಲಿಲ್ಲ.

"ಮ್ಯಾಡಂ, ದೊಡ್ಡದು ತಗೊಂಡ್ರೆ ಗರಾಜಿನ ಬಾಗಿಲು ಮುಚ್ಚೋಲ್ಲ, ಗಂಡನ ಬಾಯಿ ತೆರೆಯೋಲ್ಲ!" ಕೀ ತರಲು ಒಳಗೆ ಹೋಗಿದ್ದ ಸೇಲ್ಸ್‌ಮನ್ನಿನ ಮೂಗುದನಿಯನ್ನು ಚಂದ್ರಮೌಳಿ ಅಣಕಿಸಿದ.

"ನಿಮ್ಮದು ಗಾಡಿಯಲ್ಲ ರೀ, ಆಟದ ಸಾಮಾನು," ಎಂದು ಅವಳು ಮೂರು ವಾರದಿಂದ ಹೇಳುತ್ತಿದ್ದುದನ್ನೇ ಹೇಳಿದಳು. ಅವನು ನಕ್ಕು, ತಾನೇ ವಿನ್ಯಾಸ ಮಾಡಿದ ಹಿಂಬಾಗಿಲನ್ನು ಒಂದೇ ಬೆರಳಲ್ಲಿ ಎತ್ತಿ ಮುಚ್ಚಿದ. "ಸದ್ದು ಬಂತಾ? ಬರೋಲ್ಲ!"

ಅವಳ ಫೋನ್ ಗುಂಯ್‌ಗುಟ್ಟಿತು. ಆಫೀಸಿನ ಗೆಳತಿಯ ಮೆಸೇಜು. ಓದಿದಳು, ಮತ್ತೊಮ್ಮೆ ಓದಿದಳು.

"ಏನಂತೆ?"

"ಏನಿಲ್ಲ ರೀ, ಸಮರ್ಥನ ಸ್ಕೂಲಿಂದ." ಫೋನನ್ನು ಜೇಬಿಗಿಳಿಸಿ, ಸೀದಾ ನಡುಗಾತ್ರದ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಚಕ್ರದಡಿ ನಿಂಬೆಹಣ್ಣು ಇಡತೊಡಗಿದಳು. "ಇದನ್ನೇ ತಗೊಳ್ಳೋಣ. ನಿಮ್ಮ ಬಾಗಿಲು ಎಷ್ಟು ಹಗುರ!"

ಚಂದ್ರಮೌಳಿ ಹಿಂಬಾಗಿಲಿನಿಂದ ಕೈ ತೆಗೆದು ಅವಳ ಹತ್ತಿರ ಬಂದ. ಮದುವೆಯಾದಾಗಿನಿಂದ ಒಂದು ವಾದದಲ್ಲೂ ಸೋತವಳಲ್ಲ ಅವಳು. ಬಗ್ಗಿ, ಕೊನೆಯ ನಿಂಬೆಹಣ್ಣನ್ನು ಅವಳ ಕೈಯಿಂದ ತೆಗೆದುಕೊಂಡು, ತನ್ನದೇ ದನಿಯಲ್ಲಿ ಮೆಲ್ಲಗೆ ಕೇಳಿದ:

"ಹೋಯ್ತಾ ಸುಹಾ, ನನ್ನ ಟೀಮು?"